ಫೋಲ್ಡರ್ ಕಾಣಿಸಿದರೆ ಫೈಲ್ ಅಲ್ಲೇ ಇದೆ ಎಂದರ್ಥವೇ?

ಕಪ್ಪು ಪರದೆ, ಅದರ ಮೇಲೆ ಸರಸರನೆ ಓಡುವ ಬಿಳಿ ಅಕ್ಷರಗಳು. ಜೊತೆಗೆ ‘ಹ್ಯಾಕರ್‌ಗಳು ನಿಮ್ಮ ಕಂಪ್ಯೂಟರ್‌ಗೆ ನುಗ್ಗುವುದು ಹೀಗೆ, ಎಲ್ಲರಿಗೂ ಕಳಿಸಿ’ ಎಂಬ ಒಕ್ಕಣೆ. ಇಂಥ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಆ ಪರದೆಯ ಹೆಸರು ಕಮಾಂಡ್ ಲೈನ್. ಅದು ಹ್ಯಾಕರ್‌ಗಳ ಸ್ವತ್ತೇನಲ್ಲ. ಐಕಾನ್ ಒತ್ತುವ ಬದಲು ಅಕ್ಷರಗಳಲ್ಲಿ ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳುವ ವಿಧಾನ, ಅಷ್ಟೇ.

ಆ ಪರದೆಯಲ್ಲಿ ನಡೆಯುವ ತೀರಾ ಸಾಮಾನ್ಯ ಕೆಲಸಗಳಲ್ಲಿ ಒಂದು, ಇನ್ನೊಂದು ಕಂಪ್ಯೂಟರಿನಲ್ಲಿರುವ ಫೋಲ್ಡರನ್ನು ನಮ್ಮ ಕಂಪ್ಯೂಟರಿಗೆ ಜೋಡಿಸುವುದು. ಈ ಕೆಲಸಕ್ಕೆಂದು ಒಂದು ಪುಟ್ಟ ಸಾಫ್ಟ್‌ವೇರ್ ಬರೆಯಲು ಹೊರಟರೆ ಏನೆಲ್ಲ ಯೋಚಿಸಬೇಕಾಗುತ್ತದೆ? ಅದನ್ನು ನೋಡಿದರೆ ನಮ್ಮ ಫೋಟೊ, ದಾಖಲೆಗಳ ಸುರಕ್ಷತೆಯ ಬಗ್ಗೆ ಒಂದು ಮುಖ್ಯ ಸಂಗತಿ ತಿಳಿಯುತ್ತದೆ.

ದೂರದ ಫೈಲ್ ಹತ್ತಿರ ಕಾಣುವುದು ಹೇಗೆ?

ಒಂದು ಫೋಟೊ ಸ್ಟುಡಿಯೊ ಇದೆ ಎಂದುಕೊಳ್ಳಿ. ಮದುವೆಯ ಫೋಟೊಗಳೆಲ್ಲ ಒಂದು ಕಂಪ್ಯೂಟರಿನಲ್ಲಿವೆ. ಆಲ್ಬಂ ವಿನ್ಯಾಸ ಇನ್ನೊಂದರಲ್ಲಿ ನಡೆಯುತ್ತದೆ. ಪ್ರತಿ ಸಲ ಪೆನ್‌ಡ್ರೈವ್ ಹಿಡಿದು ಓಡಾಡುವ ಬದಲು, ಮೊದಲ ಕಂಪ್ಯೂಟರಿನ ಫೋಲ್ಡರನ್ನು ಎರಡನೆಯದರಲ್ಲೇ ತೆರೆಯುವಂತೆ ಮಾಡಬಹುದು. ಇದನ್ನು ಸಾಧ್ಯವಾಗಿಸುವ ವ್ಯವಸ್ಥೆಯೇ ನೆಟ್‌ವರ್ಕ್ ಫೈಲ್ ಸಿಸ್ಟಂ.

ಇದರಲ್ಲಿ ಎರಡು ಪದ್ಧತಿಗಳು ಹೆಚ್ಚು ಬಳಕೆಯಲ್ಲಿವೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ತಂದ ಎನ್‌ಎಫ್‌ಎಸ್ ಒಂದು. ಐಬಿಎಂನಲ್ಲಿ ಹುಟ್ಟಿ, ಮುಂದೆ ವಿಂಡೋಸ್ ಮೂಲಕ ಎಲ್ಲೆಡೆ ಹರಡಿದ ಎಸ್‌ಎಂಬಿ ಇನ್ನೊಂದು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಶುರುಮಾಡಿದ ಸಾಂಬಾ ಎಂಬ ಉಚಿತ ಸಾಫ್ಟ್‌ವೇರ್‌ನಿಂದಾಗಿ ಲಿನಕ್ಸ್ ಕಂಪ್ಯೂಟರುಗಳೂ ವಿಂಡೋಸ್ ಜೊತೆ ಫೋಲ್ಡರ್ ಹಂಚಿಕೊಳ್ಳುವಂತಾಯಿತು. ಹಲವು ಫೈಲ್ ಮ್ಯಾನೇಜರ್ ಆ್ಯಪ್‌ಗಳಲ್ಲೂ ಎಸ್‌ಎಂಬಿ ಸೌಲಭ್ಯವಿದೆ. ಹಾಗಾಗಿ ಇದು ನಿಮ್ಮ ಫೋನಿಗೂ ಹೊಸತಲ್ಲ.

ಹೀಗೆ ಜೋಡಿಸುವುದನ್ನು ಲಿನಕ್ಸ್‌ನಲ್ಲಿ ಮೌಂಟ್ ಮಾಡುವುದು ಎನ್ನುತ್ತಾರೆ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ‘ನೆಟ್ ಯೂಸ್’ ಎಂಬ ಆದೇಶವಿದೆ. ಜೋಡಿಸಿದ ಮೇಲೆ ಆ ಫೋಲ್ಡರ್ ನಮ್ಮದೇ ಕಂಪ್ಯೂಟರಿನ ಫೋಲ್ಡರಿನಂತೆ ಕಾಣುತ್ತದೆ. ಆದರೆ ಫೈಲ್ ಇರುವುದು ಅಲ್ಲೇ, ಇಲ್ಲಿ ಬಂದು ಕೂತಿಲ್ಲ. ಗೊಂದಲ ಹುಟ್ಟುವುದು ಇಲ್ಲಿಯೇ.

ಪುಟ್ಟ ಸಾಧನ, ಮೂರು ಕಷ್ಟ

ಇಂಥ ಹತ್ತು ಫೋಲ್ಡರುಗಳನ್ನು ದಿನವೂ ಜೋಡಿಸಬೇಕಾದವರಿಗೆ ಪ್ರತಿ ಸಲ ಸರ್ವರ್ ಹೆಸರು, ಫೋಲ್ಡರಿನ ದಾರಿ, ಬಳಕೆದಾರರ ಹೆಸರು ಎಲ್ಲವನ್ನೂ ಟೈಪ್ ಮಾಡುವುದು ಬೇಸರದ ಕೆಲಸ. ಆದ್ದರಿಂದ ಕೆಲವರು ತಾವೇ ಒಂದು ಸಾಧನ ಬರೆದುಕೊಳ್ಳುತ್ತಾರೆ. ಅದಕ್ಕೆ ಬೇಕಿರುವುದು ಮೂರೇ ಆದೇಶಗಳು: ಜೋಡಿಸು, ಬಿಡಿಸು, ಸ್ಥಿತಿ ಹೇಳು. ನೋಡಲು ಸುಲಭ. ಆದರೆ ಬರೆಯಲು ಕೂತಾಗ ಮೂರು ಕಷ್ಟಗಳು ಎದುರಾಗುತ್ತವೆ.

ಮೊದಲನೆಯದು ಕಾಯುವಿಕೆ. ಎನ್‌ಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ‘ಹಾರ್ಡ್ ಮೌಂಟ್’ ಎಂಬ ಬಗೆಯಲ್ಲಿ, ಸರ್ವರ್ ಆಫ್ ಆದರೆ ಫೈಲ್ ಕೇಳಿದ ಪ್ರೋಗ್ರಾಂ ಅದು ಮತ್ತೆ ಬರುವ ತನಕ ಕಾಯುತ್ತಲೇ ಇರುತ್ತದೆ. ದತ್ತಾಂಶ ಅರ್ಧಕ್ಕೆ ನಿಂತು ಕೆಡದಿರಲಿ ಎಂದೇ ಈ ಏರ್ಪಾಡು. ಆದರೆ ‘ಸ್ಥಿತಿ ಹೇಳು’ ಎಂದು ಕೇಳಿದಾಗ ನಮ್ಮ ಸಾಧನ ನೇರವಾಗಿ ಆ ಫೋಲ್ಡರ್ ತೆರೆಯಲು ಹೋದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಒಳ್ಳೆಯ ಸಾಧನ ಮೊದಲು ತನ್ನದೇ ಕಂಪ್ಯೂಟರಿನಲ್ಲಿರುವ ಮೌಂಟ್‌ಗಳ ಪಟ್ಟಿಯನ್ನು ಓದುತ್ತದೆ. ಆಮೇಲೆ ಸರ್ವರ್ ಉತ್ತರಿಸುತ್ತದೆಯೇ ಎಂದು ಕೆಲವೇ ಸೆಕೆಂಡುಗಳ ಗಡುವಿನೊಳಗೆ ಪರೀಕ್ಷಿಸುತ್ತದೆ.

ಎರಡನೆಯದು ಖಾಲಿ ಫೋಲ್ಡರ್. ಅತಿ ಹೆಚ್ಚು ನಷ್ಟ ಮಾಡಬಲ್ಲ ಕಷ್ಟ ಇದೇ. ಲಿನಕ್ಸ್‌ನಲ್ಲಿ ದೂರದ ಫೋಲ್ಡರನ್ನು ಜೋಡಿಸಲು ಮೊದಲು ಒಂದು ಖಾಲಿ ಫೋಲ್ಡರ್ ಇಟ್ಟಿರುತ್ತಾರೆ. ಜೋಡಣೆ ಆಗದಿದ್ದಾಗಲೂ ಆ ಖಾಲಿ ಫೋಲ್ಡರ್ ಅಲ್ಲೇ ಇರುತ್ತದೆ, ಅದೇ ಹೆಸರಿನಲ್ಲಿ. ಆಗ ಬ್ಯಾಕಪ್ ಪ್ರೋಗ್ರಾಂ ಓಡಿತು ಎನ್ನಿ. ‘ಫೋಲ್ಡರ್ ಇದೆ’ ಎಂದು ನಂಬಿ ಅದು ಎಲ್ಲವನ್ನೂ ಇದೇ ಕಂಪ್ಯೂಟರಿಗೆ ನಕಲು ಮಾಡುತ್ತದೆ. ಬ್ಯಾಕಪ್ ಆಯಿತು ಎಂದು ಮಾಲೀಕರು ನಿಶ್ಚಿಂತರಾಗುತ್ತಾರೆ. ಹಾರ್ಡ್‌ಡಿಸ್ಕ್ ಕೆಟ್ಟ ದಿನ ಮೂಲವೂ ಹೋಗುತ್ತದೆ, ನಕಲೂ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದೂ ಆಗಬಹುದು. ‘ಅಲ್ಲಿ ಇಲ್ಲದ ಫೈಲ್ ಇಲ್ಲಿಯೂ ಬೇಡ, ಅಳಿಸು’ ಎಂದು ಹೊಂದಿಸಿದ ಬ್ಯಾಕಪ್ ಪ್ರೋಗ್ರಾಂ, ಮೂಲದ ಜಾಗದಲ್ಲಿ ಖಾಲಿ ಫೋಲ್ಡರ್ ಕಂಡು, ಹಳೆಯ ನಕಲನ್ನೆಲ್ಲ ತಾನೇ ಅಳಿಸಿಬಿಡಬಹುದು. ಇದರಲ್ಲಿ ಹ್ಯಾಕರ್ ಇಲ್ಲ, ವೈರಸ್ಸೂ ಇಲ್ಲ. ಹೇಳಿದ ಕೆಲಸವನ್ನು ಕಂಪ್ಯೂಟರ್ ಚಾಚೂ ತಪ್ಪದೆ ಮಾಡಿದೆ, ಅಷ್ಟೇ. ಆದ್ದರಿಂದ ‘ಫೋಲ್ಡರ್ ಇದೆಯೇ?’ ಎಂದು ಕೇಳುವ ಸಾಧನ ಸಾಲದು, ‘ಜೋಡಣೆ ಇದೆಯೇ?’ ಎಂದು ಕೇಳುವ ಸಾಧನ ಬೇಕು. ಅದರ ಉತ್ತರವೂ ಹೌದು-ಅಲ್ಲ ಎಂದಷ್ಟೇ ಇರಬಾರದು. ಜೋಡಣೆಯಾಗಿದೆ, ಜೋಡಣೆಯಾಗಿದೆ ಆದರೆ ಸರ್ವರ್ ಉತ್ತರಿಸುತ್ತಿಲ್ಲ, ಜೋಡಣೆಯೇ ಆಗಿಲ್ಲ. ಈ ಮೂರನ್ನೂ ಬೇರೆ ಬೇರೆಯಾಗಿ ಹೇಳಬೇಕು.

ಮೂರನೆಯದು ಪಾಸ್‌ವರ್ಡ್. ಆದೇಶದ ಸಾಲಿನಲ್ಲೇ ಪಾಸ್‌ವರ್ಡ್ ಟೈಪ್ ಮಾಡಿದರೆ ಅದು ಹಳೆಯ ಆದೇಶಗಳ ಪಟ್ಟಿಯಲ್ಲಿ ಉಳಿದುಬಿಡಬಹುದು. ಅದೇ ಕಂಪ್ಯೂಟರ್ ಬಳಸುವ ಬೇರೆಯವರ ಕಣ್ಣಿಗೂ ಬೀಳಬಹುದು. ಅದಕ್ಕೇ ಅದನ್ನು ಮಾಲೀಕರು ಮಾತ್ರ ಓದಬಲ್ಲ ಪ್ರತ್ಯೇಕ ಫೈಲಿನಲ್ಲಿಟ್ಟು, ಸಾಧನ ಅಲ್ಲಿಂದ ಓದಿಕೊಳ್ಳುವಂತೆ ಬರೆಯುತ್ತಾರೆ.

ಭಯಕ್ಕೂ ಅಪಾಯಕ್ಕೂ ಇರುವ ಅಂತರ

ಈಗ ಕಪ್ಪು ಪರದೆ ತೋರಿಸಿ ಹೆದರಿಸುವವರ ವಿಷಯಕ್ಕೆ ಬರೋಣ. ‘ಕಂಪನಿಯ ಟೆಕ್ನಿಕಲ್ ಸಪೋರ್ಟ್‌ನಿಂದ ಮಾತಾಡುತ್ತಿದ್ದೇವೆ’ ಎಂದು ಫೋನ್ ಮಾಡುವ ವಂಚಕರ ಹಳೆಯ ತಂತ್ರವೊಂದಿದೆ. ಅವರು ‘ನೆಟ್‌ಸ್ಟಾಟ್’ ಎಂದು ಟೈಪ್ ಮಾಡಿಸುತ್ತಾರೆ. ಪರದೆಯ ಮೇಲೆ ಸಂಪರ್ಕಗಳ ಪಟ್ಟಿ ಬರುತ್ತದೆ, ಅದರಲ್ಲಿ ‘ಫಾರಿನ್ ಅಡ್ರೆಸ್’ ಎಂಬ ಕಾಲಂ ಇರುತ್ತದೆ. ‘ನೋಡಿ, ವಿದೇಶದವರು ನಿಮ್ಮ ಕಂಪ್ಯೂಟರಿನಲ್ಲಿ ಕೂತಿದ್ದಾರೆ’ ಎನ್ನುತ್ತಾರೆ. ಅಲ್ಲಿ ‘ಫಾರಿನ್’ ಎಂದರೆ ವಿದೇಶವಲ್ಲ, ಸಂಪರ್ಕದ ಆ ಕಡೆಯ ತುದಿ ಎಂದಷ್ಟೇ ಅರ್ಥ. ಪಕ್ಕದ ಕೋಣೆಯ ಕಂಪ್ಯೂಟರಿಗೆ ಜೋಡಿಸಿದ್ದರೂ ಅದು ಆ ಕಾಲಂನಲ್ಲೇ ಕಾಣುತ್ತದೆ.

ಹಾಗೆಂದು ಅಪಾಯವೇ ಇಲ್ಲ ಎಂದಲ್ಲ. 2017ರ ಮೇ 12ರಂದು ಹರಡಲು ಶುರುವಾದ ವಾನಾಕ್ರೈ ಎಂಬ ರಾನ್ಸಮ್‌ವೇರ್ 150ಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾರಿದ್ದು ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯನ್ನು ವಿಂಡೋಸ್ ನಿಭಾಯಿಸುವ ರೀತಿಯಲ್ಲಿದ್ದ ದೋಷದ ಮೂಲಕ. ಹೀಗೆ ಹಾರಲು ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಆದರೆ ಆ ದಿನಗಳಲ್ಲಿ ನಮ್ಮಲ್ಲಿ ಹರಿದಾಡಿದ್ದು ‘ಎಟಿಎಂಗಳು ಮುಚ್ಚಲಿವೆ’, ‘ಈ ವಿಡಿಯೋ ತೆರೆಯಬೇಡಿ’ ಎಂಬಂಥ ಸಂದೇಶಗಳು. ನಿಜಕ್ಕೂ ತಿಳಿಸಬೇಕಿದ್ದ ಮಾತು ಬೇರೆಯೇ ಇತ್ತು: ಆ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ, ಪರಿಹಾರ ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕಿಕೊಂಡಿದ್ದ ಕಂಪ್ಯೂಟರಿಗೆ ವಾನಾಕ್ರೈ ಆ ದಾರಿಯಲ್ಲಿ ನುಗ್ಗಲು ಆಗಲಿಲ್ಲ.

ನಾವು ಮಾಡಬಹುದಾದದ್ದು

ಮನೆ, ಅಂಗಡಿ, ಶಾಲೆಯ ಕಂಪ್ಯೂಟರುಗಳಲ್ಲಿ ಫೋಲ್ಡರ್ ಹಂಚಿಕೊಳ್ಳುತ್ತಿದ್ದರೆ ಕೆಲವು ಸಂಗತಿಗಳನ್ನು ಗಮನಿಸಿ. ಅಪ್‌ಡೇಟ್‌ಗಳನ್ನು ಮುಂದೂಡಬೇಡಿ. ಹಂಚಿದ ಫೋಲ್ಡರಿಗೆ ಪಾಸ್‌ವರ್ಡ್ ಇರಲಿ. ಎಸ್‌ಎಂಬಿಯ ಮೊದಲ ಆವೃತ್ತಿ ಚಾಲೂ ಇದ್ದರೆ, ತಿಳಿದವರಿಂದ ಅದನ್ನು ಆಫ್ ಮಾಡಿಸಿ. ಮುಖ್ಯ ಫೈಲ್‌ಗಳ ಒಂದು ನಕಲು ಸದಾ ಜೋಡಿಸಿಡದ ಹಾರ್ಡ್‌ಡಿಸ್ಕ್‌ನಲ್ಲಿರಲಿ. ಫೋನಿನಲ್ಲಿ ಯಾರಾದರೂ ಹೇಳಿಕೊಟ್ಟಂತೆ ಯಾವ ಆದೇಶವನ್ನೂ ಟೈಪ್ ಮಾಡಬೇಡಿ.

ಇನ್ನೊಂದು ಮಾತು. ‘ಬ್ಯಾಕಪ್ ಆಗಿದೆ’ ಎಂಬ ಸಂದೇಶವನ್ನು ನೋಡಿ ಸುಮ್ಮನಾಗಬೇಡಿ. ತಿಂಗಳಿಗೊಮ್ಮೆಯಾದರೂ ಬ್ಯಾಕಪ್ ಇರುವ ಕಂಪ್ಯೂಟರನ್ನೇ ತೆರೆದು, ಅಲ್ಲಿಂದ ಒಂದು ಫೋಟೊ ತೆಗೆದು ನೋಡಿ. ಫೋಟೊ ತೆರೆದುಕೊಂಡರೆ ಮಾತ್ರ ಬ್ಯಾಕಪ್ ಇದೆ ಎಂದರ್ಥ.