ಡಬ್ಬಿ ತಿರುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ

ಒಂಬತ್ತಕ್ಕೆ ಲ್ಯಾಬ್, ಎಂಟೂವರೆಗೆ ಎಚ್ಚರ. ಹಾಸ್ಟೆಲ್, ಪಿ.ಜಿ.ಗಳಲ್ಲಿರುವ ನಮ್ಮಂಥ ಎಷ್ಟೋ ಜನರ ಬೆಳಗು ಹೀಗೇ ಶುರುವಾಗುತ್ತದೆ. ಮೆಸ್‌ಗೆ ಹೋಗುವಷ್ಟರಲ್ಲಿ ತಿಂಡಿ ಖಾಲಿ. ಹೋಟೆಲ್‌ಗೆ ಹೋಗಲು ಸಮಯವೂ ಇಲ್ಲ, ದಿನಾ ಹೋಗುವಷ್ಟು ದುಡ್ಡೂ ಇಲ್ಲ. ಹೀಗಾಗಿ ಒಂದೋ ಉಪವಾಸ, ಇಲ್ಲವೇ ಸೀರಿಯಲ್ ಡಬ್ಬಿ. ಒಲೆ ಬೇಡ, ಬಾಣಲೆ ಬೇಡ. ಬಟ್ಟಲಿಗೆ ಸುರಿದು ಹಾಲು ಹಾಕಿದರೆ ತಿಂಡಿ ಮುಗಿಯಿತು.

ಡಬ್ಬಿ ಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಮೊಬೈಲ್ ಕೊಳ್ಳುವಾಗ ರ‍್ಯಾಮ್, ಬ್ಯಾಟರಿ, ಪ್ರೊಸೆಸರ್ ಎಂದು ವಾರಗಟ್ಟಲೆ ಹೋಲಿಸುವ ನಾವು, ದಿನವೂ ಹೊಟ್ಟೆಗೆ ಹಾಕುವ ಪದಾರ್ಥವನ್ನು ಮುಂಭಾಗದ ಚಿತ್ರ ನೋಡಿ ಕೊಳ್ಳುತ್ತೇವಲ್ಲ, ಅದು ಸರಿಯಲ್ಲ.

ಡಬ್ಬಿಯ ಮುಂಭಾಗ ಜಾಹೀರಾತು. ‘ಹೆಲ್ದಿ’, ‘ಎನರ್ಜಿ’ ಎಂಬ ಪದಗಳನ್ನು ನಂಬಿ ಬುಟ್ಟಿಗೆ ಹಾಕಿಕೊಳ್ಳುವ ಮುನ್ನ ಒಂದು ಸಂಗತಿ ನೆನಪಿಡಬೇಕು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ಪೇಯಗಳನ್ನು ತೆಗೆಯುವಂತೆ ಇ-ಕಾಮರ್ಸ್ ತಾಣಗಳಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ ಎಂಬುದು ಅದಕ್ಕೆ ಕಾರಣ. ಪೇಯದ ಡಬ್ಬಿಗೆ ಅನ್ವಯಿಸುವ ಎಚ್ಚರ ತಿಂಡಿಯ ಡಬ್ಬಿಗೂ ಇರಲಿ.

ನಿಜ ಇರುವುದು ಹಿಂಭಾಗದಲ್ಲಿ. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ. ಚಾಕೊಲೇಟ್ ರುಚಿಯ ಸೀರಿಯಲ್‌ಗಳಲ್ಲಿ ಹಲವು ಸಲ ಎರಡನೆಯದೋ ಮೂರನೆಯದೋ ಹೆಸರು ಸಕ್ಕರೆಯದೇ ಆಗಿರುತ್ತದೆ. ಜೇನು, ಇನ್ವರ್ಟ್ ಸಿರಪ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಎಂಬ ಹೆಸರುಗಳೂ ಸಿಹಿಯ ಲೆಕ್ಕಕ್ಕೇ ಸೇರುತ್ತವೆ. ಹೆಸರಿನಲ್ಲಿ ರಾಗಿ, ಸಿರಿಧಾನ್ಯ ಇದ್ದರೆ ಅದು ಶೇಕಡಾ ಎಷ್ಟಿದೆ ಎಂದೂ ಅಲ್ಲೇ ನೋಡಬಹುದು.

ಒಂದು ಲೆಕ್ಕ ಮಾಡೋಣ. 100 ಗ್ರಾಂ ಸೀರಿಯಲ್‌ನಲ್ಲಿ 30 ಗ್ರಾಂ ಸಕ್ಕರೆ ಸೇರಿಸಿದ್ದಾರೆ ಎಂದುಕೊಳ್ಳಿ. ಒಂದು ಸಲಕ್ಕೆ 30 ಗ್ರಾಂ ಎಂದು ಡಬ್ಬಿ ಹೇಳಬಹುದು. ಆದರೆ ಹಸಿದ ಇಪ್ಪತ್ತರ ಹುಡುಗ 30 ಗ್ರಾಂಗೆ ನಿಲ್ಲಿಸುತ್ತಾನೆಯೇ? 60 ಗ್ರಾಂ ತಿಂದರೆ 18 ಗ್ರಾಂ ಸಕ್ಕರೆ, ಅಂದರೆ ಸುಮಾರು ನಾಲ್ಕು ಟೀ ಚಮಚ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಫಿ, ಟೀ ಕುಡಿಯುವ ಮೊದಲೇ ಅದರ ಬಹುಪಾಲು ಮುಗಿದಿರುತ್ತದೆ. ಸಾದಾ ಕಾರ್ನ್‌ಫ್ಲೇಕ್ಸ್‌ನಲ್ಲಿ ಸಕ್ಕರೆ ಕಡಿಮೆ, ಕಬ್ಬಿಣ ಮತ್ತು ವಿಟಮಿನ್ ಸೇರಿಸಿರುತ್ತಾರೆ, ನಿಜ. ಆದರೆ ನಾರಿನಂಶ ಕಡಿಮೆ ಇರುವುದರಿಂದ ಹನ್ನೊಂದು ಗಂಟೆಗೆಲ್ಲ ಹೊಟ್ಟೆ ಮತ್ತೆ ಚುರುಗುಟ್ಟುತ್ತದೆ.

ಇನ್ನು ಬೆಲೆ. ಚಿಕ್ಕ ಪೊಟ್ಟಣ ಅಗ್ಗ ಅನ್ನಿಸುವುದು ಕಣ್ಣಿಗೆ ಮಾತ್ರ. ಎಂ.ಆರ್.ಪಿ. ಜೊತೆಗೆ ಪ್ರತಿ ಗ್ರಾಂ ಅಥವಾ ಕಿಲೋ ಬೆಲೆಯನ್ನೂ ಈಗ ಮುದ್ರಿಸುತ್ತಾರೆ. ಹೋಲಿಸಬೇಕಾದ್ದು ಅದನ್ನು. ಎಂಜಿನಿಯರಿಂಗ್ ಓದುವ ನಮಗೆ ಯೂನಿಟ್ ಬದಲಿಸುವುದು ಹೊಸದೇ? ನಾನು ಹೋಗುವ ಅಂಗಡಿಯಲ್ಲಿ ಒಂದು ಕಿಲೋ ಮ್ಯೂಸ್ಲಿಯ ದುಡ್ಡಿಗೆ ನಾಲ್ಕೈದು ಕಿಲೋ ಅವಲಕ್ಕಿ ಬರುತ್ತದೆ. ಸಾದಾ ಓಟ್ಸ್ ಇವೆರಡರ ಮಧ್ಯೆ ನಿಲ್ಲುತ್ತದೆ. ಅದರಲ್ಲಿ ನಾರು, ಪ್ರೋಟೀನ್ ಎರಡೂ ಚೆನ್ನಾಗಿವೆ. ಡಬ್ಬಿಯದೇ ಬೇಕೆಂದರೆ ಮಸಾಲೆ, ಸಿಹಿ ಸೇರಿಸದ ಓಟ್ಸ್ ನನ್ನ ಆಯ್ಕೆ.

ಆದರೆ ಒಲೆಯಿಲ್ಲದೆ ತಿನ್ನುವ ತಿಂಡಿ ನಮಗೆ ವಿದೇಶದಿಂದ ಬಂದದ್ದಲ್ಲ. ಅವಲಕ್ಕಿ, ಮಂಡಕ್ಕಿ, ಜೋಳದ ಅರಳು, ರಾಗಿ ಹುರಿಹಿಟ್ಟು ಇವೆಲ್ಲ ಮತ್ತೇನು? ಬಟ್ಟಲಿಗೆ ಹಾಕಿ ಹಾಲೋ ಮೊಸರೋ ಕಲಸಿದರೆ ತಿಂಡಿ ಸಿದ್ಧ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರವೂ ಬರುವುದಿಲ್ಲ. ವಿಪರ್ಯಾಸವೆಂದರೆ ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು ರೂಮಿನಲ್ಲಿ ಟ್ರಂಕಿನ ತಳ ಸೇರುತ್ತದೆ, ಬಣ್ಣದ ಡಬ್ಬಿ ಮೇಜಿನ ಮೇಲೆ ಕೂರುತ್ತದೆ. ಅದೇ ರಾಗಿ ‘ಮಿಲೆಟ್ ಫ್ಲೇಕ್ಸ್’ ಎಂದು ಹೆಸರು ಬದಲಿಸಿ ಬಂದಾಗ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತೇವೆ. ನಾವು ದುಡ್ಡು ಕೊಡುತ್ತಿರುವುದು ಧಾನ್ಯಕ್ಕೋ, ‘ಹಳ್ಳಿಯವರು’ ಅನ್ನಿಸಿಕೊಳ್ಳಬಾರದೆಂಬ ಸಂಕೋಚಕ್ಕೋ?

ಹಾಗೆಂದು ನಮ್ಮದೆಲ್ಲ ಶ್ರೇಷ್ಠ ಎನ್ನಲೂ ಆಗದು. ಬಿಳಿ ಅವಲಕ್ಕಿಯಲ್ಲಿ ನಾರು, ಪ್ರೋಟೀನ್ ಕಡಿಮೆ. ಮಂಡಕ್ಕಿಯೂ ಅಷ್ಟೆ. ಹುರಿಹಿಟ್ಟಿಗೆ ಧಾರಾಳವಾಗಿ ಹಾಕುವ ಬೆಲ್ಲವೂ ಸಕ್ಕರೆಯ ಲೆಕ್ಕವೇ. ಇದಕ್ಕೆ ಉಪಾಯ ಸುಲಭ. ಎರಡು ಹಿಡಿ ಅವಲಕ್ಕಿ ತೊಳೆದು, ಮೊಸರು ಕಲಸಿ, ಒಂದು ಹಿಡಿ ಹುರಿದ ಶೇಂಗಾ ಅಥವಾ ಹುರಿಗಡಲೆ ಹಾಕಿ. ಪಕ್ಕಕ್ಕೊಂದು ಬಾಳೆಹಣ್ಣು. ಐದೇ ನಿಮಿಷದ ಕೆಲಸ, ಮಧ್ಯಾಹ್ನದವರೆಗೆ ಹಸಿವಿನ ಚಿಂತೆಯಿಲ್ಲ. ಹುರಿಹಿಟ್ಟಾದರೆ ಮಜ್ಜಿಗೆ, ಉಪ್ಪು ಹಾಕಿ ಕಲಸಿಕೊಳ್ಳಬಹುದು.

ಕೆಲಸ ಸಿಗುವವರೆಗೆ ನಮ್ಮ ಕೈಯಲ್ಲಿರುವುದು ಮನೆಯವರು ಕಳಿಸುವ ದುಡ್ಡು. ಅದರಲ್ಲಿ ತಿಂಡಿ ಬಿಟ್ಟು ಉಳಿಸುವುದು ಜಾಣತನವಲ್ಲ, ಜಾಹೀರಾತಿಗೆ ಸುರಿಯುವುದೂ ಅಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ಡಬ್ಬಿ ತಿರುಗಿಸಿ ಮೂರು ಸಂಗತಿ ನೋಡಿ: ಮೊದಲ ಮೂರು ಪದಾರ್ಥ, ಸೇರಿಸಿದ ಸಕ್ಕರೆ, ಪ್ರತಿ ಗ್ರಾಂ ಬೆಲೆ. ಅರ್ಧ ನಿಮಿಷ ಸಾಕು. ಆಮೇಲೆ ಯಾವುದನ್ನು ಕೊಂಡರೂ ಅದು ನಿಮ್ಮ ಆಯ್ಕೆ, ಕಂಪನಿಯದಲ್ಲ.