ಸಭೆಯಿಂದ ಎದ್ದು ಹೋಗಬೇಕಾದವರು

ಪಂಚಾಯಿತಿಗಳ ಭ್ರಷ್ಟಾಚಾರವೆಂದರೆ ಲಂಚವೆಂದೇ ಜನ ತಿಳಿದಿದ್ದಾರೆ. ಒಂದು ರೂಪಾಯಿ ಲಂಚವಿಲ್ಲದೆಯೂ ಪಂಚಾಯಿತಿ ಕೆಡಬಲ್ಲದು. ಮಲೆನಾಡಿನ ಗುಡ್ಡವೊಂದರ ಇಳಿಜಾರಿನಲ್ಲಿ ಹೋಂಸ್ಟೇ ಕಟ್ಟಲು ಪರವಾನಗಿ ಕೋರಿ ಅರ್ಜಿ ಬಂದಿದೆಯೆಂದು ಭಾವಿಸಬಹುದು. ನೆಲ ಸಮತಟ್ಟು ಮಾಡುವ ಜೆಸಿಬಿ ಒಬ್ಬ ಸದಸ್ಯರದು. ಜಲ್ಲಿ ತರುವ ಟಿಪ್ಪರ್ ಇನ್ನೊಬ್ಬರ ತಮ್ಮನದು. ಜಾಗ ಮಾರಿದವರು ಅಧ್ಯಕ್ಷರ ಮಾವ. ಅರ್ಜಿಯನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಬಲ್ಲವರು ಆ ಸಭೆಯಲ್ಲಿ ಎಷ್ಟು ಮಂದಿ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣದಂತೆ, ಪಂಚಾಯಿತಿಯ ಕಾಮಗಾರಿಯಲ್ಲಾಗಲಿ ಗುತ್ತಿಗೆಯಲ್ಲಾಗಲಿ ನೇರವಾಗಿ ಇಲ್ಲವೇ ಪರೋಕ್ಷವಾಗಿ ಹಿತಾಸಕ್ತಿ ಉಳ್ಳವರು ಸದಸ್ಯತ್ವಕ್ಕೆ ಅನರ್ಹರು. ಗುತ್ತಿಗೆಗಳು ಭಾವಮೈದುನರ ಹೆಸರಿಗೆ ಹೋಗುವುದು ಇದೇ ಕಾರಣಕ್ಕೆ. ಪರೋಕ್ಷ ಹಿತಾಸಕ್ತಿಯನ್ನು ಸಾಬೀತುಪಡಿಸುವ ಭಾರ ದೂರುದಾರನ ಮೇಲೆ ಬೀಳುತ್ತದೆ. ಅವನ ನೀರಿನ ಸಂಪರ್ಕ, ಮನೆಯ ಖಾತೆ ಎಲ್ಲವೂ ಅದೇ ಪಂಚಾಯಿತಿಯ ಕೈಯಲ್ಲಿರುತ್ತವೆ. ಇನ್ನು ಮೇಲೆ ಹೇಳಿದ ಹೋಂಸ್ಟೇಯಂಥ ಸಂದರ್ಭದಲ್ಲಿ ಕೆಲಸ ಪಂಚಾಯಿತಿಯದೇ ಅಲ್ಲ, ಖಾಸಗಿಯವರದು. ಆ ಪ್ರಕರಣದ ಮಾತುಗಳು ಅಲ್ಲಿಯವರೆಗೆ ತಲುಪುವುದೇ ಕಷ್ಟ.

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಗುರುತಿಸಿತು. 2020ರ ಮರಳು ನೀತಿ ಹಳ್ಳ-ತೊರೆಗಳ ಮರಳಿನ ವಿಲೇವಾರಿಯನ್ನೂ ಗ್ರಾಮ ಪಂಚಾಯಿತಿಗಳಿಗೆ ವಹಿಸಿತು. ಟ್ರ್ಯಾಕ್ಟರ್ ಉಳ್ಳ ಸದಸ್ಯರಿಗೆ ಅದು ಮತ್ತೊಂದು ಪ್ರಲೋಭನೆ.

ಇಂಗ್ಲೆಂಡಿನ 2011ರ ಲೋಕಲಿಸಂ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಯ ಸದಸ್ಯರು ತಮ್ಮದಷ್ಟೇ ಅಲ್ಲ, ಬಾಳಸಂಗಾತಿಯ ಆರ್ಥಿಕ ಹಿತಾಸಕ್ತಿಗಳನ್ನೂ ನೋಂದಾಯಿಸಬೇಕು. ಅವುಗಳಿಗೆ ಸಂಬಂಧಿಸಿದ ವಿಷಯ ಬಂದಾಗ ಚರ್ಚೆಯಲ್ಲಾಗಲಿ ಮತದಾನದಲ್ಲಾಗಲಿ ಪಾಲ್ಗೊಳ್ಳುವಂತಿಲ್ಲ. ಸಕಾರಣವಿಲ್ಲದೆ ತಪ್ಪಿದರೆ ಅದು ಅಪರಾಧ; ನ್ಯಾಯಾಲಯ 5 ವರ್ಷಗಳವರೆಗೆ ಅನರ್ಹಗೊಳಿಸಬಹುದು. (ಅಲ್ಲಿ ಎಲ್ಲವೂ ನೆಟ್ಟಗಿದೆ ಎಂದು ಇದರ ಅರ್ಥವಲ್ಲ. ಭಾವಮೈದುನರು ಅಲ್ಲಿಯೂ ಪಟ್ಟಿಯ ಹೊರಗೇ.)

ಹೊಸ ಕಾಯಿದೆ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ವಿಷಯಪಟ್ಟಿಯ ಪ್ರತಿಯೊಂದು ವಿಷಯ ಕೈಗೆತ್ತಿಕೊಳ್ಳುವ ಮೊದಲು ಸಂಬಂಧಪಟ್ಟ ಸದಸ್ಯರು ತಮ್ಮ ಹಾಗೂ ಬಂಧುಗಳ ಹಿತಾಸಕ್ತಿಯನ್ನು ತಿಳಿಸಿ ಹೊರನಡೆಯಬೇಕು, ಅದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು ಎಂದು ಪಂಚಾಯಿತಿಯೇ ಠರಾವು ಮಾಡಿಕೊಳ್ಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಆ ನಡವಳಿಯ ಪ್ರತಿಯನ್ನು ಯಾವ ನಾಗರಿಕನೂ ಕೇಳಿ ಪಡೆಯಬಹುದು.

ಸಣ್ಣ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ, ಹೀಗಾದರೆ ಕೋರಂ ಉಳಿಯುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ. ಕೋರಂ ಉಳಿಯದಿದ್ದಾಗ ಅಂಥ ಅರ್ಜಿ ಮೊದಲು ಗ್ರಾಮಸಭೆಯಲ್ಲಿ ಬಹಿರಂಗ ಚರ್ಚೆಗೆ ಬರಲಿ. ಆ ಗುಡ್ಡದ ಕೆಳಗೆ ಮನೆ, ತೋಟ ಮಾಡಿಕೊಂಡವರೂ ಅಲ್ಲಿ ಕುಳಿತಿರುತ್ತಾರೆ.