ಚಿಕಿತ್ಸೆಗೆ ಕೊನೆ ಬಂದಾಗ ನರ್ಸ್ ಮಾಡುವ ಕೆಲಸ

ಗದಗ ಜಿಲ್ಲೆಯ ಹರ್ತಿಯಂಥ ಊರಲ್ಲಿ ತಿಂಗಳು ತುಂಬುವ ಮೊದಲೇ ಹೆರಿಗೆಯಾದರೆ ಕೂಸನ್ನು ಗದಗಿನ ಜಿಮ್ಸ್ ಆಸ್ಪತ್ರೆಗೆ, ಅಲ್ಲಿಗೂ ಮೀರಿದರೆ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಒಯ್ಯುತ್ತಾರೆ. ‘ಕೂಸನ್ನ ಪೆಟ್ಟಿಗ್ಯಾಗ ಇಟ್ಟಾರ’ ಎಂದು ಮನೆಯವರು ಹೇಳುವುದು ಅಲ್ಲಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಗ್ಗೆ. ಅಲ್ಲಿ ಸೇರಿದ ಹೆಚ್ಚಿನ ಕೂಸುಗಳು ಚೇತರಿಸಿಕೊಂಡು ಮನೆಗೆ ಬರುತ್ತವೆ. ಎಲ್ಲವೂ ಬರುವುದಿಲ್ಲ. 2020ರ ಲೆಕ್ಕದಂತೆ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 20 ಮಕ್ಕಳು ಮೊದಲ 28 ದಿನಗಳೊಳಗೆ ತೀರಿಕೊಂಡವು. ಅವಧಿಗೆ ಮುಂಚಿನ ಜನನ, ಹುಟ್ಟುವಾಗ ಉಸಿರುಗಟ್ಟುವುದು, ನಂಜು, ಹುಟ್ಟಿನಿಂದಲೇ ಬಂದ ಅಂಗದೋಷ ಈ ಸಾವುಗಳ ಮುಖ್ಯ ಕಾರಣಗಳು.

ವೆಂಟಿಲೇಟರ್, ಅಂದರೆ ಕೃತಕ ಉಸಿರಾಟದ ಯಂತ್ರ, ಶ್ವಾಸಕೋಶದ ಕೆಲಸವನ್ನು ಸ್ವಲ್ಪ ಕಾಲ ತಾನು ಮಾಡಿಕೊಡುತ್ತದೆ. ಆಮ್ಲಜನಕವಿಲ್ಲದೆ ಹಾಳಾದ ಮಿದುಳನ್ನು ಅದು ಸರಿಪಡಿಸಲಾರದು. ಹೀಗಾಗಿ ಒಂದು ಹಂತ ದಾಟಿದ ಮೇಲೆ ಯಂತ್ರ ಕೂಸನ್ನು ಉಳಿಸುತ್ತಿದೆಯೋ, ಅದರ ನೋವನ್ನು ಬೆಳೆಸುತ್ತಿದೆಯೋ ಎಂಬ ಪ್ರಶ್ನೆ ಬರುತ್ತದೆ. ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ಮಾಡಿಕೊಟ್ಟು, 2023ರಲ್ಲಿ ಅದನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದಕ್ಕೆ ಆದೇಶ ಹೊರಡಿಸಿತು. ಮೂವರು ವೈದ್ಯರ ಒಂದು ಮಂಡಳಿ ನಿರ್ಧರಿಸಬೇಕು, ಇನ್ನೊಂದು ಮಂಡಳಿ ಅದನ್ನು ಪರಿಶೀಲಿಸಬೇಕು, ಹತ್ತಿರದ ಸಂಬಂಧಿಕರು ಒಪ್ಪಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ.

ನಮ್ಮ ಕಡೆ ಎಷ್ಟೋ ಸಲ ವಿಷಯ ಮಂಡಳಿಯವರೆಗೆ ಹೋಗುವುದೇ ಇಲ್ಲ. ಕೈಯಲ್ಲಿ ಹಣ ಮುಗಿದಿರುತ್ತದೆ, ಇಲ್ಲವೇ ಕೂಸಿನ ಉಸಿರು ಮನೆಯಲ್ಲೇ ನಿಲ್ಲಲಿ ಎಂದು ಹಿರಿಯರು ಬಯಸುತ್ತಾರೆ. ಸ್ವಂತ ಹೊಣೆಯ ಮೇಲೆ ಒಯ್ಯುತ್ತೇವೆಂಬ ಕಾಗದಕ್ಕೆ ಸಹಿ ಹಾಕಿ ಕೂಸನ್ನು ಎತ್ತಿಕೊಂಡು ಹೊರಡುತ್ತಾರೆ. ಆಗ ನೋವಿನ ಔಷಧವೂ ಇಲ್ಲದೆ ಕೂಸು ಹೋಗಿಬಿಡುವ ಸಂಭವ ಹೆಚ್ಚು. ಹೊರಡುವ ಮುನ್ನಿನ ಹತ್ತಿಪ್ಪತ್ತು ನಿಮಿಷದಲ್ಲಿ ನರ್ಸ್ ಏನು ಹೇಳಿಕೊಡುತ್ತಾಳೋ ಅಷ್ಟೇ ಆ ಮನೆಯವರಿಗೆ ಆಸರೆ.

ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂಬ ನಂಬಿಕೆ 1980ರ ದಶಕದವರೆಗೂ ವೈದ್ಯರಲ್ಲಿತ್ತು. ಸಾಕಷ್ಟು ಅರಿವಳಿಕೆ ಇಲ್ಲದೆಯೇ ಶಸ್ತ್ರಚಿಕಿತ್ಸೆಗಳು ನಡೆಯುತ್ತಿದ್ದವು. ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಆಕ್ಸ್‌ಫರ್ಡ್‌ನಲ್ಲಿ ನಡೆಸಿದ ಸಂಶೋಧನೆ ಆ ನಂಬಿಕೆಯನ್ನು ಅಲುಗಾಡಿಸಿತು. ಇಂದು ಹುಬ್ಬಿನ ಗಂಟು, ಬಿಗಿಯಾಗಿ ಮುಚ್ಚಿದ ಕಣ್ಣು, ಮೂಗಿನ ಪಕ್ಕದ ಗೆರೆ, ಹೃದಯ ಬಡಿತ ಇವನ್ನು ನೋಡಿ ನರ್ಸ್ ನೋವನ್ನು ಅಳೆಯುತ್ತಾಳೆ. ಚಿಕಿತ್ಸೆಯಿಂದ ಇನ್ನು ಉಪಯೋಗವಿಲ್ಲವೆಂದು ವೈದ್ಯರು ಒಪ್ಪಿದ ಮೇಲೆ ರಕ್ತಪರೀಕ್ಷೆಗೆ ಹಿಮ್ಮಡಿ ಚುಚ್ಚುವುದು ನಿಲ್ಲುತ್ತದೆ. ಮಾನಿಟರಿನ ಸದ್ದು ತಗ್ಗುತ್ತದೆ. ತುಟಿಗೆ ಎದೆಹಾಲಿನ ಹನಿ ಸವರಿ, ತಾಯಿಯ ಬರಿ ಎದೆಯ ಮೇಲೆ ಕೂಸನ್ನು ಬರಿಮೈಯಲ್ಲಿ ಮಲಗಿಸಿ, ಮೇಲೆ ಬಟ್ಟೆ ಹೊದಿಸಬಹುದು. ಕಡಿಮೆ ತೂಕದ ಮಕ್ಕಳನ್ನು ಉಳಿಸಲು ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ವ್ಯಾಪಕವಾಗಿ ಜಾರಿಗೆ ತಂದ ‘ಕಾಂಗರೂ ಆರೈಕೆ’ಯೂ ಇದೇ. ಉಳಿಯದ ಕೂಸಿಗೂ ಆ ಬಿಸುಪು ಬೇಕು. ಆದರೆ ಸಿಸೇರಿಯನ್ ಹೊಲಿಗೆ ಮಾಗದ ತಾಯಿ ಬೇರೆ ವಾರ್ಡಿನಲ್ಲಿರುತ್ತಾಳೆ. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಸಕಾಲಕ್ಕೆ ಕರೆತರುವುದು ನರ್ಸ್ ಹೊಣೆಯೇ.

ಕೂಸು ಹೋದ ಮೇಲೂ ಎರಡು ಮೂರು ದಿನಕ್ಕೆ ತಾಯಿಯ ಎದೆಯಲ್ಲಿ ಹಾಲು ಇಳಿಯುತ್ತದೆ, ಕಟ್ಟಿಕೊಂಡು ನೋಯುತ್ತದೆ. ತಣ್ಣನೆ ಬಟ್ಟೆ ಇಡಬೇಕು, ಪೂರ್ತಿ ಹಿಂಡಿ ತೆಗೆಯಬಾರದು ಎಂದು ಮೊದಲೇ ಹೇಳಿದರೆ ಅವಳು ಗಾಬರಿಯಾಗುವುದಿಲ್ಲ. ಒಂದು ಗಂಟೆಯಷ್ಟೇ ಬದುಕಿದ ಕೂಸಿನ ಜನನವನ್ನೂ ಮರಣವನ್ನೂ 21 ದಿನಗಳೊಳಗೆ ನೋಂದಾಯಿಸಬೇಕೆಂಬುದನ್ನೂ ತಿಳಿಸಬೇಕು.

ಇದೆಲ್ಲ ನಡೆಯುವಾಗ ಅದೇ ನರ್ಸ್ ಕೈಯಲ್ಲಿ ಬೇರೆ ಕೂಸುಗಳೂ ಇರುತ್ತವೆ. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳ ನಿಯಮದಂತೆಯೇ ಪ್ರತಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಮೂರು ನಾಲ್ಕು ಕೂಸುಗಳು. ಪಕ್ಕದ ಕೂಸನ್ನು ಬೆಚ್ಚಗಿಡುವ ವಾರ್ಮರಿನ ಅಲಾರಂ ಕೂಗಿದರೆ ಅಳುವ ತಾಯಿಯನ್ನು ಬಿಟ್ಟು ಓಡಬೇಕು. ‘ಸಿಸ್ಟರ್, ನಮ್ ಕೂಸು ಉಳೀತೈತೇನ್ರಿ?’ ಎಂಬ ಪ್ರಶ್ನೆ ರೌಂಡ್ಸ್ ಮುಗಿಸಿ ವೈದ್ಯರು ಹೋದ ಮೇಲೆ ಅವಳಿಗೇ ಎದುರಾಗುತ್ತದೆ. ಉತ್ತರ ಗೊತ್ತಿದ್ದೂ ಹೇಳುವ ಅಧಿಕಾರವಿಲ್ಲದ ಆ ಇಕ್ಕಟ್ಟು, ತರಬೇತಿಯ ಕೊರತೆ, ದುಃಖ ಹೇಳಿಕೊಳ್ಳಲು ಜಾಗವಿಲ್ಲದಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿವೆ.

ನನ್ನ ಅಭಿಪ್ರಾಯದಲ್ಲಿ ಹೊಸ ಯಂತ್ರಕ್ಕಿಂತ ಮೊದಲು ಆಗಬೇಕಾದದ್ದು ಡ್ಯೂಟಿ ಪಟ್ಟಿಯಲ್ಲೊಂದು ಬದಲಾವಣೆ. ಚಿಕಿತ್ಸೆ ನಿಲ್ಲಿಸುವ ನಿರ್ಧಾರವಾದ ಹೊತ್ತಿನಿಂದ ಆ ಕೂಸಿನ ನರ್ಸ್ ಕೈಯಲ್ಲಿರುವ ಉಳಿದ ಕೂಸುಗಳನ್ನು ಇನ್ನೊಬ್ಬರು ನೋಡಿಕೊಳ್ಳಲಿ. ಪರದೆ ಎಳೆದ ಒಂದು ಮೂಲೆ ಇರಲಿ, ಅಲ್ಲಿಗೆ ಅಪ್ಪನನ್ನೂ ಅಜ್ಜಿಯನ್ನೂ ಬಿಡಲಿ. ಕೆಟ್ಟ ಸುದ್ದಿಯನ್ನು ವೈದ್ಯರು ಹೇಳುವಾಗ ನರ್ಸ್ ಜೊತೆಯಲ್ಲೇ ಕುಳಿತಿರಲಿ. ಪಾಳಿ ಮುಗಿದ ಮೇಲೆ ಹಿರಿಯ ಸಿಸ್ಟರ್ ಅವಳೊಂದಿಗೆ ಸ್ವಲ್ಪ ಹೊತ್ತು ಮಾತಾಡಲಿ.